ನಿಮಗಿದು ಗೊತ್ತೆ? ಕೆಂಪು ಕಾರಿನ ಬಣ್ಣ

ಕೆಂಪು ಕಾರೆಂದರೆ ಥಟ್ಟನೆ ನೆನಪಾಗುವುದು ಫೆರಾರಿ. ಆದರೆ ಆ ಕೆಂಪು ಕಂಪನಿಯ ಆಯ್ಕೆಯಲ್ಲ! ಹಿಂದೆ ಅಂತರರಾಷ್ಟ್ರೀಯ ರೇಸುಗಳಲ್ಲಿ ದೇಶಕ್ಕೊಂದು ಬಣ್ಣವಿತ್ತು: ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಇಟಲಿಗೆ ಕೆಂಪು. 1964ರಲ್ಲಿ ಇಟಲಿಯ ಮೋಟಾರು ಕ್ರೀಡಾಧಿಕಾರಿಗಳ ಮೇಲೆ ಮುನಿಸಿಕೊಂಡ ಎಂಝೊ ಫೆರಾರಿ ಕೊನೆಯ ಎರಡು ರೇಸುಗಳಿಗೆ ನೀಲಿ-ಬಿಳಿ ಕಾರು ಇಳಿಸಿದರು. ಜಾನ್ ಸರ್ಟೀಸ್ ಆ ವರ್ಷದ ಫಾರ್ಮುಲಾ ಒನ್ ಪಟ್ಟ ಗೆದ್ದದ್ದು ಆ ಬಣ್ಣದಲ್ಲೇ, ಮೆಕ್ಸಿಕೋದಲ್ಲಿ.

ಕೆಂಪು ಕಾರಿಗೆ ವಿಮೆ ದುಬಾರಿ ಎಂಬುದು ಸುಳ್ಳು. ನಮ್ಮಲ್ಲಿ ಪ್ರೀಮಿಯಂ ಲೆಕ್ಕಕ್ಕೆ ಬಣ್ಣ ಬರುವುದೇ ಇಲ್ಲ.

ಬಿಸಿಲಿಗೆ ಕೆಂಪು ಮಂಕಾಗುವುದು ಮಾತ್ರ ನಿಜ. ಹಳೆಯ ಕಾರುಗಳ ಬಾನೆಟ್ ಗುಲಾಬಿಗೆ ತಿರುಗಿರುವುದನ್ನು ನೋಡಿರುತ್ತೀರಿ. ಈಗ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಇರುವುದರಿಂದ ಆ ಕಾಟ ಕಡಿಮೆ. ಆದರೆ ಮಜ್ದಾದ 'ಸೋಲ್ ರೆಡ್'ನಂತೆ ಪದರ ಪದರವಾಗಿ ಬಳಿದ ಕೆಂಪಿಗೆ ಗೀರು ಬಿದ್ದರೆ, ಅದೇ ಛಾಯೆ ಹೊಂದಿಸಲು ಪೇಂಟರ್ ಬೆವರು ಹರಿಸಬೇಕು.