ಕಲ್ಲಾದ ಹವಳ ಹೇಳುವ ಕಡಲಿನ ಕತೆ

ಅಲ್ ಐನ್ ನಗರದ ಪಕ್ಕದ ಜೆಬೆಲ್ ಹಫೀತ್ ಬೆಟ್ಟವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಸುತ್ತ ಮರಳು, ಮೇಲೆ ಸುಡುವ ಬಿಸಿಲು. ಆದರೆ ಸಾವಿರ ಮೀಟರಿಗೂ ಎತ್ತರದ ಈ ಬೆಟ್ಟದ ಸುಣ್ಣದಕಲ್ಲಿನಲ್ಲಿ ಹವಳಗಳಿವೆ! ಸಮುದ್ರದ ಜೀವಿ ಬೆಟ್ಟ ಏರಿದ್ದು ಹೇಗೆ?

ಹವಳ ಗಿಡವಲ್ಲ, ಪುಟ್ಟ ಪ್ರಾಣಿ. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣದ ಅಂಶದಿಂದ ಅದು ತನಗೊಂದು ಗಟ್ಟಿ ಗೂಡು ಕಟ್ಟಿಕೊಳ್ಳುತ್ತದೆ. ಪ್ರಾಣಿ ಸತ್ತರೂ ಗೂಡು ಉಳಿಯುತ್ತದೆ. ಇಂಥ ಗೂಡುಗಳು, ಚಿಪ್ಪುಗಳು, ಸುಣ್ಣದ ಕೆಸರು ಪದರ ಪದರವಾಗಿ ಕೂಡಿ, ಕಾಲಾಂತರದಲ್ಲಿ ಸುಣ್ಣದಕಲ್ಲಾಗುತ್ತವೆ. ದೊಡ್ಡ ದಿಬ್ಬಗಳನ್ನು ಕಟ್ಟುವ ಹವಳಗಳಿಗೆ ಬೆಚ್ಚಗಿನ, ತಿಳಿಯಾದ, ಬಿಸಿಲು ತಳ ಮುಟ್ಟುವಂಥ ನೀರು ಬೇಕು. ಅವು ಕಲ್ಲಿನಲ್ಲಿ ಸಿಕ್ಕಿದರೆ ಅಲ್ಲಿ ಹಿಂದೆ ಅಂಥದೇ ಆಳವಿಲ್ಲದ ಕಡಲು ಇತ್ತೆಂದು ಅರ್ಥ. ಹಫೀತಿನ ಹವಳಗಳು ಸುಮಾರು 3 ಕೋಟಿ ವರ್ಷಗಳ ಹಿಂದಿನ ಕಡಲಿನವು. ಆಮೇಲೆ ಭೂಮಿಯೊಳಗಿನ ಒತ್ತಡಕ್ಕೆ ಆ ಪದರಗಳು ಮಡಿಸಿಕೊಂಡು ಬೆಟ್ಟವಾಗಿ ಮೇಲೆದ್ದವು.

ಕಲ್ಲಿನ ವಯಸ್ಸು ತಿಳಿಯುವುದು ಹೇಗೆ? ಹವಳದ ಜಾತಿಗಳು ಕಾಲದಿಂದ ಕಾಲಕ್ಕೆ ಬದಲಾಗಿವೆ. ರುಗೋಸ ಎಂಬ ಗುಂಪಿನ ಹವಳಗಳು, ಇವುಗಳಲ್ಲಿ ಹಲವು ಕೊಂಬಿನಾಕಾರದವು, ಸುಮಾರು 25 ಕೋಟಿ ವರ್ಷಗಳ ಹಿಂದೆ ಸಂಪೂರ್ಣ ಅಳಿದುಹೋದವು. ಅವು ಬದುಕಿದ್ದ ಕಡಲಿನ ಕಲ್ಲು ಅದಕ್ಕಿಂತ ಹಳೆಯದೇ ಆಗಿರಬೇಕು. ಇಂದಿನ ಹವಳಗಳ ವಂಶ ಕಾಣಿಸಿಕೊಂಡದ್ದು ಆ ಬಳಿಕ. ಜೊತೆಯಲ್ಲಿ ಸಿಗುವ ಇತರ ಪಳೆಯುಳಿಕೆಗಳನ್ನೂ ಹೋಲಿಸಿ ವಿಜ್ಞಾನಿಗಳು ಕಾಲವನ್ನು ಇನ್ನಷ್ಟು ಖಚಿತಪಡಿಸಿಕೊಳ್ಳುತ್ತಾರೆ.

ಇನ್ನೂ ಒಂದು ಸ್ವಾರಸ್ಯವಿದೆ. ಮರದ ಕಾಂಡದಲ್ಲಿ ವರ್ಷದ ಉಂಗುರಗಳಿರುವಂತೆ ಕೆಲವು ಹವಳಗಳಲ್ಲಿ ವರ್ಷದ ಪಟ್ಟೆಗಳ ನಡುವೆ ದಿನದಿನದ ನವಿರು ಗೆರೆಗಳೂ ಇರುತ್ತವೆ. ಅಮೆರಿಕದ ವಿಜ್ಞಾನಿ ಜಾನ್ ವೆಲ್ಸ್ ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳಲ್ಲಿ ಇವನ್ನು ಎಣಿಸಿ 1963ರಲ್ಲಿ ಪ್ರಕಟಿಸಿದರು. ವರ್ಷಕ್ಕೆ 365 ಅಲ್ಲ, ಸುಮಾರು 400 ಗೆರೆ! ಅಂದರೆ ಆಗ ಭೂಮಿ ವೇಗವಾಗಿ ತಿರುಗುತ್ತಿತ್ತು, ದಿನಕ್ಕೆ ಸುಮಾರು 22 ಗಂಟೆ ಮಾತ್ರ. ಚಂದ್ರನ ಸೆಳೆತದಿಂದ ಏಳುವ ಉಬ್ಬರವಿಳಿತವೇ ಭೂಮಿಯ ವೇಗವನ್ನು ಮೆಲ್ಲಮೆಲ್ಲನೆ ತಗ್ಗಿಸಿದೆ. ಖಗೋಳಶಾಸ್ತ್ರಜ್ಞರು ಲೆಕ್ಕ ಹಾಕಿ ಹೇಳಿದ್ದಕ್ಕೆ ಹವಳ ಸಾಕ್ಷಿ ನುಡಿಯಿತು.

ಪೋಷಕರಲ್ಲಿ ಒಂದು ಮನವಿ. ಬೆಟ್ಟಕ್ಕೆ ಹೋದಾಗ ಮಕ್ಕಳಿಗೆ ಪಳೆಯುಳಿಕೆ ತೋರಿಸಿ, ಫೋಟೊ ತೆಗೆಯಿರಿ. ಆದರೆ ಕಿತ್ತು ಮನೆಗೆ ತರಬೇಡಿ. ಯಾವ ಪದರದಲ್ಲಿ, ಯಾವುದರ ಜೊತೆ ಇತ್ತು ಎಂಬುದು ಗೊತ್ತಿದ್ದರೆ ಮಾತ್ರ ಹವಳ ತನ್ನ ಕತೆಯನ್ನು ಪೂರ್ತಿ ಹೇಳಬಲ್ಲದು. ಶೋಕೇಸಿಗೆ ಬಂದ ಮೇಲೆ ಅದು ಬರೀ ಚೆಂದದ ಕಲ್ಲು.