ಮನೆಯೊಳಗಿನ ಬೂಷ್ಟು ಮತ್ತು ಆರೋಗ್ಯ

ಮನೆಯೊಳಗಿನ ಬೂಷ್ಟು ಎಂದರೆ ತೇವಗೊಂಡ ಗೋಡೆ, ಚಾವಣಿ, ಮರ, ಬಟ್ಟೆ, ಕಾಗದ, ಚರ್ಮ ಮೊದಲಾದ ವಸ್ತುಗಳ ಮೇಲೆ ಬೆಳೆಯುವ ಸೂಕ್ಷ್ಮ ಶಿಲೀಂಧ್ರಗಳ ಪದರ. ಇದು ಕಪ್ಪು, ಹಸಿರು, ಬೂದು ಅಥವಾ ಬಿಳಿ ಬಣ್ಣದ ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ ಹಾಗೂ ಮುಗ್ಗಲು ವಾಸನೆಯನ್ನು ಬೀರುತ್ತದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಮೂಗು ಕಟ್ಟುವಿಕೆ, ಅಸ್ತಮಾ ಮುಂತಾದ ಉಸಿರಾಟದ ತೊಂದರೆಗಳು ಉಂಟಾಗುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಈ ವಿಷಯದ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿತು. ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ, ಭಾರತ ಮತ್ತು ಜಪಾನ್‌ಗಳಲ್ಲಿ ಶೇ. 10ರಿಂದ 50ರಷ್ಟು ಒಳಾಂಗಣಗಳು ತೇವದ ಸಮಸ್ಯೆಯನ್ನು ಎದುರಿಸುತ್ತಿವೆ ಎಂದು ಅದರಲ್ಲಿ ಅಂದಾಜಿಸಲಾಗಿದೆ.

ಬೆಳವಣಿಗೆಗೆ ಕಾರಣಗಳು

ಶಿಲೀಂಧ್ರಗಳು ಬೀಜಾಣುಗಳ ಮೂಲಕ ಸಂತಾನಾಭಿವೃದ್ಧಿ ಮಾಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಬೀಜಾಣುಗಳು ಹೊರಗಿನ ಮತ್ತು ಒಳಗಿನ ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಆದ್ದರಿಂದ ಯಾವ ಮನೆಯನ್ನೂ ಬೀಜಾಣುಗಳಿಂದ ಸಂಪೂರ್ಣವಾಗಿ ಮುಕ್ತಗೊಳಿಸಲು ಸಾಧ್ಯವಿಲ್ಲ. ಅವು ಮೊಳೆತು ಬೆಳೆಯಲು ಆಹಾರ, ಸೂಕ್ತ ಉಷ್ಣತೆ ಮತ್ತು ನೀರು ಬೇಕು. ಧೂಳು, ಮರ, ಕಾಗದ, ಅಂಟು, ಬಣ್ಣಗಳೇ ಅವುಗಳಿಗೆ ಆಹಾರ. ಮನುಷ್ಯನಿಗೆ ಹಿತವಾದ ಉಷ್ಣತೆಯೇ ಅವುಗಳಿಗೂ ಹಿತ. ಹೀಗಾಗಿ ಮನೆಯವರು ನಿಯಂತ್ರಿಸಬಹುದಾದ ಏಕೈಕ ಅಂಶವೆಂದರೆ ನೀರು.

ತೇವವು ಮುಖ್ಯವಾಗಿ ಮೂರು ಬಗೆಯಲ್ಲಿ ಮನೆಯನ್ನು ಸೇರುತ್ತದೆ. ಮೊದಲನೆಯದು ಸೋರಿಕೆ: ಬಿರುಕು ಬಿಟ್ಟ ತಾರಸಿ, ಒಡೆದ ಹಂಚು, ಗೋಡೆಯೊಳಗಿನ ಕೊಳವೆಗಳಿಂದ ಜಿನುಗುವ ನೀರು. ಎರಡನೆಯದು ನೆಲದಿಂದ ಗೋಡೆಗೆ ಏರುವ ತೇವ. ತಳಪಾಯದಲ್ಲಿ ತೇವನಿರೋಧಕ ಪದರವಿಲ್ಲದಿದ್ದರೆ ಮಣ್ಣಿನ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಮೂರನೆಯದು ಸಾಂದ್ರೀಕರಣ: ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಮತ್ತು ಜನರ ಉಸಿರಿನಿಂದ ಹೊಮ್ಮುವ ನೀರಾವಿಯು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತದೆ. ಕಪಾಟಿನ ಹಿಂಬದಿ, ಗೋಡೆಯ ಮೂಲೆ, ಸ್ನಾನದ ಮನೆಯ ಚಾವಣಿಗಳಲ್ಲಿ ಗಾಳಿಯಾಡದ ಕಾರಣ ಬೂಷ್ಟು ಮೊದಲು ಅಲ್ಲಿ ಹುಟ್ಟುತ್ತದೆ.

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಗಾಳಿಯ ತೇವಾಂಶವು ದಿನಗಟ್ಟಲೆ ಇಳಿಯುವುದಿಲ್ಲ. ಪಾದರಕ್ಷೆ, ಬೆಲ್ಟು, ಪುಸ್ತಕ, ರೇಷ್ಮೆ ಸೀರೆ, ಹಾಸಿಗೆಗಳಿಗೆ ಬೂಷ್ಟು ಹಿಡಿಯುವುದು ಈ ಪ್ರದೇಶಗಳಲ್ಲಿ ವಾಡಿಕೆಯ ಅನುಭವ. ಹಳೆಯ ಮನೆಗಳ ಗೋಡೆಗೆ ಬಳಿಯುತ್ತಿದ್ದ ಸುಣ್ಣವು ಕ್ಷಾರಗುಣವುಳ್ಳದ್ದಾಗಿದ್ದು ಬೂಷ್ಟಿನ ಬೆಳವಣಿಗೆಯನ್ನು ತಡೆಯುತ್ತದೆ. ಅಲ್ಲದೆ ಅದು ಗೋಡೆಯ ತೇವ ಆರಲು ಎಡೆಕೊಡುತ್ತದೆ. ನೀರಾವಿ ಹಾಯಗೊಡದ ಬಣ್ಣಗಳಿಗೆ ಈ ಗುಣವಿಲ್ಲ.

ಸಾಮಾನ್ಯ ಪ್ರಭೇದಗಳು

ಮನೆಗಳಲ್ಲಿ ಹೆಚ್ಚಾಗಿ ಕಂಡುಬರುವ ಶಿಲೀಂಧ್ರ ಕುಲಗಳೆಂದರೆ ಕ್ಲಾಡೋಸ್ಪೋರಿಯಮ್, ಪೆನಿಸಿಲಿಯಮ್, ಆಸ್ಪರ್ಜಿಲಸ್ ಮತ್ತು ಆಲ್ಟರ್ನೇರಿಯಾ. ಬಹಳ ಕಾಲ ನೀರಿನಲ್ಲಿ ನೆನೆದ ಕಾಗದ ಹಾಗೂ ಜಿಪ್ಸಮ್ ಹಲಗೆಗಳ ಮೇಲೆ ಸ್ಟ್ಯಾಕಿಬೋಟ್ರಿಸ್ ಚಾರ್ಟೇರಮ್ ಎಂಬ ಕಡುಕಪ್ಪು ಶಿಲೀಂಧ್ರ ಬೆಳೆಯುತ್ತದೆ. ಕಪ್ಪಾಗಿ ಕಾಣುವ ಬೂಷ್ಟೆಲ್ಲವೂ ಈ ಪ್ರಭೇದಕ್ಕೆ ಸೇರಿದ್ದಲ್ಲ. ಬರಿಯ ಬಣ್ಣದಿಂದ ಪ್ರಭೇದವನ್ನು ಗುರುತಿಸಲಾಗದು.

ಆರೋಗ್ಯದ ಮೇಲಿನ ಪರಿಣಾಮಗಳು

ಬೀಜಾಣುಗಳು, ಶಿಲೀಂಧ್ರದ ಎಳೆಗಳ ಚೂರುಗಳು ಮತ್ತು ಅವು ಹೊರಸೂಸುವ ರಾಸಾಯನಿಕಗಳು ಉಸಿರಿನೊಂದಿಗೆ ದೇಹವನ್ನು ಸೇರುತ್ತವೆ. ಅವುಗಳ ಪರಿಣಾಮವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ.

ಅಲರ್ಜಿ: ದೇಹದ ರೋಗರಕ್ಷಣಾ ವ್ಯವಸ್ಥೆಯು ಶಿಲೀಂಧ್ರದ ಪ್ರೋಟೀನುಗಳನ್ನು ಶತ್ರುವೆಂದು ಭಾವಿಸಿದಾಗ ಸೀನು, ಮೂಗು ಸೋರುವಿಕೆ, ಕಣ್ಣಿನ ತುರಿಕೆ ಮತ್ತು ಗಂಟಲಿನ ಕೆರೆತ ಕಾಣಿಸಿಕೊಳ್ಳುತ್ತವೆ. ಅಲರ್ಜಿ ಇಲ್ಲದವರಿಗೂ ಕಣ್ಣು, ಮೂಗು ಮತ್ತು ಗಂಟಲಿನಲ್ಲಿ ಉರಿ ಉಂಟಾಗಬಹುದು.

ಅಸ್ತಮಾ: ಗೂರಲು ರೋಗವೆಂದು ಕರೆಯಲಾಗುವ ಅಸ್ತಮಾ ಈಗಾಗಲೇ ಇರುವವರಲ್ಲಿ ಬೂಷ್ಟು ರೋಗವನ್ನು ಕೆರಳಿಸುತ್ತದೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಅಸ್ತಮಾ ಹಾಗೂ ಇತರ ಉಸಿರಾಟದ ತೊಂದರೆಗಳ ಪ್ರಮಾಣ ಸುಮಾರು ಶೇ. 30ರಿಂದ 50ರಷ್ಟು ಹೆಚ್ಚು ಎಂದು 2007ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಗ್ಗೂಡಿಸಿದ ವಿಶ್ಲೇಷಣೆಯೊಂದು ತಿಳಿಸಿತು.

ಅತಿಸಂವೇದನೆಯ ಶ್ವಾಸಕೋಶದ ಉರಿಯೂತ: ಇದು ವಿರಳವಾದರೂ ಗಂಭೀರವಾದ ರೋಗ. ಬೀಜಾಣುಗಳನ್ನು ದೀರ್ಘಕಾಲ ಉಸಿರಾಡಿದ ಕೆಲವರ ಶ್ವಾಸಕೋಶದ ಗಾಳಿಗೂಡುಗಳು ಊದಿಕೊಂಡು ಜ್ವರ, ಒಣಕೆಮ್ಮು ಮತ್ತು ಏದುಸಿರು ಬರುತ್ತವೆ. ಮೂಲವನ್ನು ನಿವಾರಿಸದಿದ್ದರೆ ಶ್ವಾಸಕೋಶದಲ್ಲಿ ಶಾಶ್ವತವಾದ ಕಲೆಗಟ್ಟುವಿಕೆ ಉಂಟಾಗಬಹುದು.

ಸೋಂಕು: ಆರೋಗ್ಯವಂತರ ದೇಹವು ಉಸಿರಾಡಿದ ಬೀಜಾಣುಗಳನ್ನು ತಾನೇ ನಾಶಪಡಿಸುತ್ತದೆ. ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು ಮೊದಲಾದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರವು ಶ್ವಾಸಕೋಶದಲ್ಲಿಯೇ ಬೆಳೆದು ಪ್ರಾಣಾಪಾಯ ತರಬಲ್ಲದು.

ಶಿಶುಗಳು, ವೃದ್ಧರು, ಅಸ್ತಮಾ ಮತ್ತಿತರ ಶ್ವಾಸಕೋಶದ ರೋಗಿಗಳು ಹಾಗೂ ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ. ಇವರಲ್ಲಿ ಹಲವರು ದಿನದ ಬಹುಪಾಲು ಮನೆಯೊಳಗೇ ಇರುವುದರಿಂದ ಅಪಾಯ ಇಮ್ಮಡಿಸುತ್ತದೆ. ಮನೆಯಿಂದ ಹೊರಗಿದ್ದಾಗ ಕಡಿಮೆಯಾಗಿ, ಮರಳಿದೊಡನೆ ಹೆಚ್ಚಾಗುವ ಕೆಮ್ಮು ಅಥವಾ ಉಸಿರಾಟದ ತೊಂದರೆಯನ್ನು ವೈದ್ಯರ ಗಮನಕ್ಕೆ ತರುವುದು ಅಗತ್ಯ.

ತಪ್ಪುಕಲ್ಪನೆಗಳು

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1993–94ರಲ್ಲಿ ಕೆಲವು ಶಿಶುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಕಂಡುಬಂದಾಗ, ಅವರ ಮನೆಗಳಲ್ಲಿದ್ದ ಸ್ಟ್ಯಾಕಿಬೋಟ್ರಿಸ್ ಇದಕ್ಕೆ ಕಾರಣವೆಂದು ಶಂಕಿಸಲಾಯಿತು. ‘ವಿಷಕಾರಿ ಕಪ್ಪು ಬೂಷ್ಟು’ ಎಂಬ ಮಾತು ಆ ಬಳಿಕ ಜನಜನಿತವಾಯಿತು. ಆದರೆ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು ಅಧ್ಯಯನಗಳನ್ನು ಮರುಪರಿಶೀಲಿಸಿ, ಈ ಸಂಬಂಧ ಸಾಬೀತಾಗಿಲ್ಲವೆಂದು 2000ದಲ್ಲಿ ತಿಳಿಸಿತು. ಕೆಲವು ಶಿಲೀಂಧ್ರಗಳು ವಿಷವಸ್ತುಗಳನ್ನು ಉತ್ಪಾದಿಸುವುದು ನಿಜ. ಆದರೆ ಮನೆಯ ಗಾಳಿಯಲ್ಲಿರುವ ಪ್ರಮಾಣದಲ್ಲಿ ಅವು ನೆನಪಿನ ಶಕ್ತಿಯ ನಾಶ ಮುಂತಾದ ರೋಗಗಳನ್ನು ತರುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆಗಳಿಲ್ಲ.

ಭಾರತದಲ್ಲಿ 2021ರ ಕೋವಿಡ್ ಎರಡನೆಯ ಅಲೆಯ ಸಂದರ್ಭದಲ್ಲಿ ‘ಕಪ್ಪು ಶಿಲೀಂಧ್ರ’ವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ರೋಗ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಹರಡಿತು. ಇದು ಗೋಡೆಯ ಕಪ್ಪು ಬೂಷ್ಟಿನಿಂದ ಬಂದ ರೋಗವಲ್ಲ. ಮ್ಯೂಕರೇಲ್ಸ್ ಎಂಬ ಬೇರೊಂದು ಗುಂಪಿನ ಶಿಲೀಂಧ್ರಗಳು ಇದಕ್ಕೆ ಕಾರಣ. ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್ ಔಷಧಗಳ ಅತಿಬಳಕೆಯಿಂದ ಅವು ದೇಹವನ್ನು ಆಕ್ರಮಿಸಲು ಅವಕಾಶವಾಯಿತು. ರೋಗದ ಹೆಸರಿನಲ್ಲಿರುವ ಕಪ್ಪು ಸತ್ತ ಅಂಗಾಂಶದ ಬಣ್ಣವೇ ಹೊರತು ಶಿಲೀಂಧ್ರದ ಬಣ್ಣವಲ್ಲ.

ಇತಿಹಾಸ ಮತ್ತು ಕಾನೂನು

ಮನೆಯ ಬೂಷ್ಟಿನ ಬಗೆಗಿನ ಕಳವಳ ಹೊಸದೇನಲ್ಲ. ಬೈಬಲ್ಲಿನ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ, ಗೋಡೆಗೆ ಕಲೆ ಹಿಡಿದ ಮನೆಯನ್ನು ಏಳು ದಿನ ಮುಚ್ಚಿಡುವ, ಕಲೆ ಹರಡಿದ್ದರೆ ಕಲ್ಲುಗಳನ್ನು ತೆಗೆಯುವ ಮತ್ತು ಮತ್ತೆ ಮರುಕಳಿಸಿದರೆ ಮನೆಯನ್ನೇ ಕೆಡವುವ ವಿಧಿಗಳಿವೆ.

ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಗಂಡುಮಗುವೊಂದು ತೀವ್ರ ಉಸಿರಾಟದ ತೊಂದರೆಯಿಂದ ಮರಣಹೊಂದಿತು. ಕುಟುಂಬವು ವಾಸವಿದ್ದ ಸಾಮಾಜಿಕ ಬಾಡಿಗೆ ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಈ ಸಾವಿಗೆ ಕಾರಣವೆಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಮಗುವಿನ ತಂದೆ 2017ರಲ್ಲಿಯೇ ಬೂಷ್ಟಿನ ಕುರಿತು ದೂರಿದಾಗ, ಅದರ ಮೇಲೆ ಬಣ್ಣ ಬಳಿಯುವಂತೆ ಅವರಿಗೆ ಸೂಚಿಸಲಾಗಿತ್ತು. ಈ ಪ್ರಕರಣದ ನಂತರ 2023ರ ಸಾಮಾಜಿಕ ವಸತಿ ಕಾಯಿದೆಯಲ್ಲಿ ಮಗುವಿನ ಹೆಸರಿನಿಂದ ‘ಅವಾಬ್ ಕಾನೂನು’ ಎಂದು ಕರೆಯಲಾಗುವ ನಿಯಮಗಳಿಗೆ ಅವಕಾಶ ಕಲ್ಪಿಸಲಾಯಿತು. ಅವುಗಳ ಮೊದಲ ಹಂತ 2025ರ ಅಕ್ಟೋಬರ್ 27ರಂದು ಜಾರಿಗೆ ಬಂದಿತು. ಇದರಂತೆ ಸಾಮಾಜಿಕ ವಸತಿ ಒದಗಿಸುವವರು ತುರ್ತು ಅಪಾಯಗಳನ್ನು 24 ಗಂಟೆಗಳೊಳಗೆ ಸರಿಪಡಿಸಬೇಕು ಮತ್ತು ಗಣನೀಯ ಪ್ರಮಾಣದ ತೇವ ಹಾಗೂ ಬೂಷ್ಟಿನ ದೂರುಗಳನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು.

ಪತ್ತೆ

ಕಣ್ಣಿಗೆ ಕಾಣುವ ಕಲೆ ಮತ್ತು ಮುಗ್ಗಲು ವಾಸನೆಗಳೇ ಬೂಷ್ಟಿನ ಪ್ರಮುಖ ಲಕ್ಷಣಗಳು. ಗಾಳಿಯಲ್ಲಿ ಇಷ್ಟು ಬೀಜಾಣುಗಳಿದ್ದರೆ ಸುರಕ್ಷಿತವೆಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ನಿಗದಿಪಡಿಸಿಲ್ಲ. ಆದ್ದರಿಂದ ದುಬಾರಿ ಗಾಳಿ ಪರೀಕ್ಷೆಗಳಿಗಿಂತ ತೇವದ ಮೂಲವನ್ನು ಹುಡುಕುವುದು ಹೆಚ್ಚು ಉಪಯುಕ್ತ. ಇಟ್ಟಿಗೆ ಗೋಡೆಗಳಿಂದ ಹೊಮ್ಮುವ ಬಿಳಿ ಉಪ್ಪಿನ ಪುಡಿಯನ್ನು ಹಲವು ಬಾರಿ ಬೂಷ್ಟೆಂದು ತಪ್ಪಾಗಿ ತಿಳಿಯಲಾಗುತ್ತದೆ. ಉಪ್ಪು ನೀರಿನ ಹನಿಯಲ್ಲಿ ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಆದರೆ ಅಂತಹ ಉಪ್ಪೂ ಗೋಡೆಯಲ್ಲಿ ತೇವವಿರುವುದರ ಸೂಚನೆಯೇ ಆಗಿದೆ.

ತಡೆ ಮತ್ತು ನಿವಾರಣೆ

ತೇವದ ಮೂಲವನ್ನು ಸರಿಪಡಿಸದೆ ಬೂಷ್ಟನ್ನು ಒರೆಸಿದರೆ ಅಥವಾ ಅದರ ಮೇಲೆ ಬಣ್ಣ ಬಳಿದರೆ ಅದು ಮತ್ತೆ ಬೆಳೆಯುತ್ತದೆ. ಸಾಮಾನ್ಯವಾಗಿ ಅನುಸರಿಸಬೇಕಾದ ಕ್ರಮಗಳು ಹೀಗಿವೆ:

• ತಾರಸಿ, ಹಂಚು, ಕೊಳವೆಗಳ ಸೋರಿಕೆಯನ್ನು ಮಳೆಗಾಲಕ್ಕೆ ಮೊದಲೇ ದುರಸ್ತಿ ಮಾಡಿಸಬೇಕು.
• ಪ್ರವಾಹ ಅಥವಾ ಸೋರಿಕೆಯಿಂದ ನೆನೆದ ವಸ್ತುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಬೇಕು.
• ಸಾಧ್ಯವಾದಲ್ಲಿ ಒಳಗಿನ ಸಾಪೇಕ್ಷ ಆರ್ದ್ರತೆಯನ್ನು ಶೇ. 60ಕ್ಕಿಂತ ಕೆಳಗಿಡಬೇಕು.
• ಅಡುಗೆಮನೆ ಮತ್ತು ಸ್ನಾನದ ಮನೆಯ ಆವಿ ಹೊರಹೋಗುವಂತೆ ಕಿಟಕಿ ಅಥವಾ ಹೊರದೂಡುವ ಪಂಖ ಇರಬೇಕು. ಕಪಾಟುಗಳನ್ನು ಗೋಡೆಗೆ ತಾಗಿಸಬಾರದು.
• ಗಟ್ಟಿ ಮೇಲ್ಮೈಯಲ್ಲಿರುವ ಬೂಷ್ಟನ್ನು ಸಾಬೂನು ನೀರಿನಿಂದ ಉಜ್ಜಿ ತೊಳೆದು ಪೂರ್ತಿ ಒಣಗಿಸಬೇಕು. ಈ ಕೆಲಸದಲ್ಲಿ ಎನ್-95 ಮುಖಗವಸು, ಕೈಗವಸು ಮತ್ತು ಕನ್ನಡಕ ಧರಿಸಬೇಕು. ಅಸ್ತಮಾ ರೋಗಿಗಳು ಇದರಿಂದ ದೂರವಿರಬೇಕು.
• ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು. ಹಾಗೆ ಮಾಡಿದರೆ ಬೀಜಾಣುಗಳು ಗಾಳಿಯಲ್ಲಿ ಹರಡುತ್ತವೆ.
• ಬ್ಲೀಚ್ ಬಳಸಿದರೆ ಅದಕ್ಕೆ ಅಮೋನಿಯಾ ಅಥವಾ ಶೌಚಾಲಯ ತೊಳೆಯುವ ಆಮ್ಲವನ್ನು ಬೆರೆಸಬಾರದು. ಈ ಮಿಶ್ರಣದಿಂದ ವಿಷಾನಿಲ ಹೊರಬರುತ್ತದೆ.
• ಬೂಷ್ಟು ಆಳಕ್ಕೆ ಇಳಿದ ಹಾಸಿಗೆ, ದಿಂಬು, ರತ್ನಗಂಬಳಿಗಳನ್ನು ವಿಲೇವಾರಿ ಮಾಡುವುದು ಉತ್ತಮ.

ಸುಮಾರು ಒಂದು ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ಹರಡಿದ ಬೂಷ್ಟನ್ನು ತೆಗೆಯಲು ಪರಿಣತರ ನೆರವು ಪಡೆಯುವುದು ಸೂಕ್ತ. ಗಾಳಿ ಬೆಳಕಿನ ಕೊರತೆಯನ್ನು ನಿವಾಸಿಗಳು ಸ್ವಲ್ಪಮಟ್ಟಿಗೆ ನೀಗಿಸಿಕೊಳ್ಳಬಹುದು. ಆದರೆ ಸೋರುವ ಚಾವಣಿ ಮತ್ತು ತೇವ ಏರುವ ತಳಪಾಯಗಳು ಕಟ್ಟಡದ ದೋಷಗಳಾಗಿದ್ದು, ಕಿಟಕಿ ತೆರೆಯುವುದರಿಂದಷ್ಟೇ ಅವು ಪರಿಹಾರವಾಗುವುದಿಲ್ಲ.