ಇಲ್ಲದ ಲೇಖನಕ್ಕೆ 400 ಉಲ್ಲೇಖ!

ಯಾರೂ ಬರೆಯದ ಲೇಖನವೊಂದನ್ನು ಸುಮಾರು 400 ಸಂಶೋಧನಾ ಪ್ರಬಂಧಗಳು ಉಲ್ಲೇಖಿಸಿವೆ! ‘ದಿ ಆರ್ಟ್ ಆಫ್ ರೈಟಿಂಗ್ ಎ ಸೈಂಟಿಫಿಕ್ ಆರ್ಟಿಕಲ್’ ಎಂದು ಅದರ ಹೆಸರು. ವಾನ್ ಡೆರ್ ಗೀರ್ ಮತ್ತಿಬ್ಬರು ಲೇಖಕರು, 2000ನೇ ಇಸವಿ, ಸಂಪುಟ 163, ಪುಟ 51ರಿಂದ 59. ವಿವರಗಳೆಲ್ಲ ಅಚ್ಚುಕಟ್ಟು. ಆದರೆ ಅದು ಅಚ್ಚಾಯಿತೆನ್ನಲಾದ ಪತ್ರಿಕೆಯೇ ಇಲ್ಲ!

ಆಕರಗಳ ಪಟ್ಟಿ ಹೇಗಿರಬೇಕೆಂದು ತೋರಿಸಲು ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಲೇಖಕರಿಗೆ ಕೊಟ್ಟ ಮಾದರಿ ಸಾಲು ಅದು. ಮಾದರಿಯ ಮೇಲೆಯೇ ತಮ್ಮ ಪಟ್ಟಿ ಟೈಪಿಸಿದವರು ಆ ಸಾಲನ್ನು ಅಳಿಸಲು ಮರೆತಿರಬೇಕು. ಪ್ರಬಂಧ ತಿದ್ದುವವರ ಕಣ್ಣಿಗೂ ಬೀಳಲಿಲ್ಲ, ನೋಡಿ! ನೆದರ್ಲೆಂಡ್ಸ್‌ನ ಪ್ರಾಧ್ಯಾಪಕ ಪೀಟರ್ ಕ್ರೋನೆನ್‌ಬರ್ಗ್ ಗಮನಿಸಿದ ಈ ‘ಭೂತ ಲೇಖನ’ದ ಕತೆ 2017ರಲ್ಲಿ ಬಯಲಾಯಿತು.